ದೂರು ಹೇಳದ ತೊಂಬತ್ತೊಂದು ಜನ

“ನೂರ ಹದಿನಾಲ್ಕು ಜನ ಅಂದಿದ್ರಿ. ಅವರಲ್ಲಿ ನೀವೇ ಎಷ್ಟು ಜನ?”

ಬಾಗಿಲು ತೆರೆದವನ ಕೈಯಲ್ಲಿ ಗ್ರೀಸು ಮೆತ್ತಿದ ಬಟ್ಟೆಯಿತ್ತು. ಹೆಸರು ಕೇಳಬೇಕಾದ ಅಗತ್ಯ ಅವನಿಗೆ ಬೀಳಲಿಲ್ಲ. ಉಗುರಿನ ಸಂದಿಯಲ್ಲಿ ಬಿಳಿ ಪುಡಿ, ಬಲಗೈ ಬೆರಳಿನಲ್ಲಿ ಕುಂಚ ಹಿಡಿದು ಬಿದ್ದ ಗಂಟು… ಎರಡು ವರ್ಷದಿಂದ ದಿನಾ ಬರೆಯುತ್ತಿದ್ದವಳು ಇವಳೇ.

ಮೊದಲ ಭೇಟಿ ಹೀಗಾಗಬಹುದೆಂದು ಇಬ್ಬರೂ ಎಣಿಸಿರಲಿಲ್ಲ.

“ತೊಂಬತ್ತೊಂದು,” ಎಂದ ಅವನು.

ಸುಳ್ಳು ಹೇಳುತ್ತಾನೆ, ತಾನು ಜಗಳವಾಡಬಹುದು ಎಂದುಕೊಂಡು ನಾಲ್ಕು ಮಹಡಿ ಹತ್ತಿ ಬಂದಿದ್ದಳು. ನಿಜ ಹೇಳಿ ಅವಳ ಕಾಲ ಕೆಳಗಿನ ಮೆಟ್ಟಿಲನ್ನೇ ಎಳೆದುಬಿಟ್ಟ.

ಅವನು ಲಿಫ್ಟ್ ರಿಪೇರಿಯವನು. ಕಟ್ಟಡದ ತುತ್ತತುದಿಯಲ್ಲಿ, ಲಿಫ್ಟಿನ ಮೋಟರಿನ ಪಕ್ಕದ ಕೋಣೆಯಲ್ಲಿ ಅವನ ವಾಸ. ಗೋಡೆಯ ಹಲಗೆಯ ಮೇಲೆ ಎರಡು ಹಳೆಯ ಕಂಪ್ಯೂಟರುಗಳು ಸದಾ ಗುಂಯ್‌ಗುಡುತ್ತಿದ್ದವು. ಆ ಎರಡು ಡಬ್ಬಿಗಳಲ್ಲೇ ‘ಜಗಲಿ’ ಎಂಬ ಹರಟೆಯ ಜಾಲತಾಣವಿತ್ತು.

ಜಗಲಿಗೆ ದೊಡ್ಡ ಕಂಪನಿಯ ಯಜಮಾನನಿಲ್ಲ. ಅಂಥ ಜಗಲಿಗಳು ಜಗತ್ತಿನಲ್ಲಿ ಸಾವಿರಾರು. ಒಂದೊಂದನ್ನೂ ಒಬ್ಬೊಬ್ಬರು ನಡೆಸುತ್ತಾರೆ, ಒಂದರಲ್ಲಿ ಕೂತು ಇನ್ನೊಂದರವರ ಜೊತೆ ಹರಟಬಹುದು. ಜಾಹೀರಾತಿಲ್ಲ. ಖರ್ಚಿಗೆ ಮನಸ್ಸಿದ್ದವರು ಕೈಲಾದಷ್ಟು ಕೊಡಬೇಕು, ಇಲ್ಲವೆ ಒಂದು ‘ಸಿಂಗಾರ’ ಕೊಳ್ಳಬೇಕು. ಕೊಂಡವರಿಗೆ ಹೆಚ್ಚು ಮಾತಾಡುವ ಹಕ್ಕಿಲ್ಲ, ಕೊಳ್ಳದವರಿಗೆ ಕಡಿಮೆಯೂ ಇಲ್ಲ. ಹೆಸರಿನ ಪಕ್ಕದಲ್ಲಿ ಪುಟ್ಟದೊಂದು ಚಿತ್ರ ಕೂರುತ್ತದೆ, ಅಷ್ಟೆ. ಒಂದು ಗರಿ, ಒಂದು ದೀಪ, ಒಂದು ಗೂಬೆ.

ಅವುಗಳನ್ನು ಬರೆದುಕೊಡುತ್ತಿದ್ದವಳು ಇವಳು. ಹಗಲಿಡೀ ದಂತವೈದ್ಯರ ಲ್ಯಾಬಿನಲ್ಲಿ ಕೃತಕ ಹಲ್ಲಿಗೆ ಬಣ್ಣ ಹಚ್ಚುವ ಕೆಲಸ. ಯಾರದೋ ಬಾಯಿಗೆ ಹೋಗುವ ಹಲ್ಲು. ಚೆನ್ನಾಗಿ ಮಾಡಿದಷ್ಟೂ ಅದು ಯಾರ ಕಣ್ಣಿಗೂ ಬೀಳಬಾರದು. ಅವಳ ಬದುಕೂ ಹಾಗೇ ಇತ್ತು. ಅಣ್ಣನ ಮನೆಯ ನಡುಕೋಣೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ.

ಜಗಲಿಯಲ್ಲಿ ಮಾತ್ರ ಅವಳು ಕಾಣುತ್ತಿದ್ದಳು.

“ನಿಮ್ಮ ಚಿತ್ರಗಳಿಂದಲೇ ಜಗಲಿ ನಿಂತಿದೆ,” ಎಂದು ಅವನು ಬರೆದ ದಿನ ಅವಳು ಆ ಸಾಲನ್ನು ಎಷ್ಟು ಸಲ ಓದಿದಳೋ.

ಅತ್ತಿಗೆ ಬಲು ಚುರುಕು. ತರಕಾರಿ ಹೆಚ್ಚುತ್ತಲೇ ಹಿಡಿದುಬಿಟ್ಟಿದ್ದಳು.

“ಅಲ್ವೇ, ಅಲ್ಲಿ ಎಲ್ಲರೂ ಅವನನ್ನ ಲಿಫ್ಟಣ್ಣ, ಲಿಫ್ಟಣ್ಣ ಅಂತಾರೆ. ನೀನೊಬ್ಬಳು ಮಾತ್ರ ‘ಲಿಫ್ಟಿನವರೇ’ ಅಂತ ಬರೀತೀಯ. ಅಣ್ಣ ಎಲ್ಲಿ ಉದುರಿಹೋದ?”

“ಹೋಗಿ ಅತ್ತಿಗೆ.”

“ನಾನೆಲ್ಲಿಗೆ ಹೋಗಲಿ? ಹೋಗೋಳು ನೀನು.”

ಹೋಗುವ ಅವಕಾಶ ನಿಜವಾಗಿಯೂ ಬಂದಿತ್ತು. ಲ್ಯಾಬಿನ ಯಜಮಾನಿ ಅವಳನ್ನು ಬೇರೆ ಊರಿನ ದೊಡ್ಡ ಲ್ಯಾಬಿಗೆ, ಹೊಸ ಕೆಲಸ ಕಲಿಯಲು ಕಳಿಸುತ್ತೇನೆಂದಿದ್ದಳು. ಅಲ್ಲಿ ಹಗಲೂ ಸಂಜೆಯೂ ದುಡಿತ, ಚಿತ್ರಕ್ಕೆ ಬಿಡುವಿಲ್ಲ. ನನ್ನ ಚಿತ್ರಗಳಿಂದಲೇ ನಿಂತಿರುವ ಜಾಗ… ಬಿಟ್ಟು ಹೋಗುವುದು ಹೇಗೆ? ಬೇಡವೆಂದಳು. ಆ ಅವಕಾಶ ಇನ್ನೊಬ್ಬಳಿಗೆ ಹೋಯಿತು.

ಗುಟ್ಟು ಒಡೆದದ್ದು ಲ್ಯಾಬಿನ ಹಿರಿಯ ಮೇಸ್ತ್ರಿಯ ಮಾತಿನಿಂದ. ತಾನು ಬಣ್ಣ ಹಚ್ಚಿಕೊಟ್ಟ ಹಲ್ಲಿನ ಕ್ಯಾಪಿನ ಬಗ್ಗೆ ವೈದ್ಯರೊಬ್ಬರು ಏನೂ ಹೇಳಿಕಳಿಸಿಲ್ಲವೆಂದು ಅವಳು ಖುಷಿಪಟ್ಟಾಗ ಮೇಸ್ತ್ರಿ ನಕ್ಕಿದ್ದರು.

“ಕ್ಯಾಪ್ ಹಾಕಿಸಿಕೊಂಡವರು ಮೊದಲ ವಾರ ಏನಾದ್ರೂ ದೂರು ಹೇಳಲೇಬೇಕು ಕಣಮ್ಮ. ಎತ್ತರ ಆಯ್ತು, ನಾಲಿಗೆಗೆ ತಾಗುತ್ತೆ, ಏನೋ ಒಂದು. ಚಕಾರ ಎತ್ತಲಿಲ್ಲ ಅಂದ್ರೆ ಅದಿನ್ನೂ ಡಬ್ಬಿಯಲ್ಲೇ ಇದೆ ಅಂತ ಅರ್ಥ.”

ಅಂದು ಸಂಜೆ ಅವಳು ಸಿಂಗಾರ ಕೊಂಡ ನೂರ ಹದಿನಾಲ್ಕು ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಇಪ್ಪತ್ಮೂರು ಜನ ದೀಪ ಸಣ್ಣದಾಯಿತು, ಗರಿ ಬಾಗಿದೆ ಎಂದು ಗೊಣಗಿದ್ದರು. ಉಳಿದ ತೊಂಬತ್ತೊಂದು ಜನ ಗೊಣಗುವುದಿರಲಿ, ಜಗಲಿಯಲ್ಲಿ ಒಂದು ಮಾತನ್ನೂ ಆಡಿರಲಿಲ್ಲ. ಎಲ್ಲರೂ ಬಂದು ಸೇರಿದ್ದು ಭಾನುವಾರಗಳಲ್ಲೇ.

ಲಿಫ್ಟಿನವರಿಗೆ ರಜೆ ಇರುವ ದಿನ.

*

“ಯಾಕೆ?” ಬಾಗಿಲಲ್ಲೇ ನಿಂತು ಕೇಳಿದಳು.

ಅವನು ಬಟ್ಟೆಯಿಂದ ಬೆರಳು ಒರೆಸಿಕೊಳ್ಳುತ್ತಲೇ ಇದ್ದ. ಒರೆಸಿದಷ್ಟೂ ಕಪ್ಪಾಗುತ್ತಿತ್ತು.

“ಮೊದಲ ತಿಂಗಳು ಮೂರೇ ಜನ ಕೊಂಡ್ರು. ‘ನಾನು ಮಾಡಿದ್ದು ಯಾರಿಗೂ ಬೇಡ’ ಅಂತ ಬರೆದು ನೀವು ಸುಮ್ಮನಾಗಿಬಿಟ್ರಿ. ಹತ್ತೊಂಬತ್ತು ದಿನ. ನಾನು ದಿನಾ ಬಂದು ನೋಡ್ತಿದ್ದೆ… ಆಮೇಲೆ ಬೇರೆ ಹೆಸರಲ್ಲಿ ಒಂದು ಗೂಬೆ ಕೊಂಡೆ. ನೀವು ವಾಪಸ್ ಬಂದ್ರಿ.”

“ಅದಕ್ಕೆ ತೊಂಬತ್ತೊಂದು ಸಲ ಭಿಕ್ಷೆ ಹಾಕಿದ್ರಾ?”

“ಭಿಕ್ಷೆ ಅಲ್ಲ.”

“ಮತ್ತೇನು? ಹೊಸ ಕೆಲಸ ಕಲಿಯೋ ಅವಕಾಶ ಬಿಟ್ಟುಕೊಟ್ಟೆ ಗೊತ್ತಾ? ಜಗಲಿ ನನ್ನ ಮೇಲೆ ನಿಂತಿದೆ ಅಂತ. ಅದು ನಿಂತಿದ್ದು ನಿಮ್ಮ ಸಂಬಳದ ಮೇಲೆ.”

“ಅದೂ ಇನ್ನು ನಿಲ್ಲಲ್ಲ.” ಅವನು ಹಲಗೆಯತ್ತ ನೋಡಿದ. “ಡಿಸ್ಕುಗಳು ಸಾಯ್ತಾ ಇವೆ. ಹೊಸದು ತಗೊಳ್ಳೋಕೆ ನನ್ನ ಕೈಯಲ್ಲಿ ಆಗಲ್ಲ. ಅಷ್ಟು ಗೂಬೆ ನೋಡಿ ಜನ, ಇಲ್ಲಿಗೆ ಬೇಕಾದಷ್ಟು ದುಡ್ಡು ಬರ್ತಿದೆ ಅಂದ್ಕೊಂಡ್ರು. ಮುಂಚೆ ಕೊಡ್ತಿದ್ದವರೂ ನಿಲ್ಲಿಸಿದ್ರು. ಉಳಿಸೋಕೆ ಹೋಗಿ ನಾನೇ…”

ಮಾತು ಮುಗಿಯಲಿಲ್ಲ. ಪಕ್ಕದ ಮೋಟರು ಗಡಗಡಿಸಿತು, ಯಾರೋ ಕೆಳಗಿಳಿಯುತ್ತಿದ್ದರು.

ಅವನು ಸಾಧಾರಣ ಮೋಸಗಾರನಾಗಿದ್ದರೆ ಎಷ್ಟು ಸುಲಭವಿತ್ತು, ಅಂದುಕೊಂಡಳು. ಬೈದು ಹೋಗಬಹುದಿತ್ತು. ಇವನು ಪ್ರೀತಿಯನ್ನೇ ಸುಳ್ಳು ಲೆಕ್ಕ ಮಾಡಿಟ್ಟಿದ್ದಾನೆ. ಇದನ್ನು ಎತ್ತಿಕೊಳ್ಳುವುದಕ್ಕೂ ಆಗದು, ಎಸೆಯುವುದಕ್ಕೂ ಆಗದು.

“ನನ್ನ ಚಿತ್ರ ಎಲ್ಲಾ ತೆಗೆದುಬಿಡಿ,” ಎಂದು ಮೆಟ್ಟಿಲಿಳಿದಳು. ಲಿಫ್ಟನ್ನು ಮುಟ್ಟಲಿಲ್ಲ.

*

ಮರುದಿನ ಅವನು ಜಗಲಿಯಲ್ಲಿ ಎಲ್ಲವನ್ನೂ ಬರೆದ. ಅವಳ ಹೆಸರೆತ್ತಲಿಲ್ಲ. ತೊಂಬತ್ತೊಂದು ಹೆಸರುಗಳೂ ತನ್ನವೇ, ಬರುವ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಜಗಲಿ ಮುಚ್ಚುತ್ತದೆ, ಅಷ್ಟರೊಳಗೆ ಎಲ್ಲರೂ ತಮ್ಮ ಗಂಟುಮೂಟೆ ಬೇರೆ ಜಗಲಿಗಳಿಗೆ ಸಾಗಿಸಿಕೊಳ್ಳಬೇಕು.

“ಲಿಫ್ಟಣ್ಣ, ಮೇಲೆ ಹೋಗುತ್ತೆ ಅಂತ ನಂಬಿ ಹತ್ತಿದ್ವಿ,” ಎಂದು ಒಬ್ಬ ಚುಚ್ಚಿದ. ಇನ್ನೊಬ್ಬರು ತಮ್ಮ ದೀಪ ಕಿತ್ತು ಹೋದರು. ಒಬ್ಬ ನಿವೃತ್ತ ಲೈಬ್ರರಿಯನ್ ಮಾತ್ರ ಒಂದೇ ಸಾಲು ಬರೆದಿದ್ದರು: “ಬಾಯಿಬಿಟ್ಟು ಕೇಳಿದ್ರೆ ಕೊಡ್ತಿರಲಿಲ್ವೇನಪ್ಪ?”

ಆ ಸಾಲು ಓದಿ ಅವಳು ಫೋನನ್ನು ಮಗುಚಿಟ್ಟಳು.

ವಾರವಿಡೀ ಹಲ್ಲುಗಳಿಗೆ ಬಣ್ಣ ಹಚ್ಚಿದಳು. ಊಟದ ತಟ್ಟೆಯ ಮುಂದೆ ಕೂತರೆ ಕೂತೇ ಇರುತ್ತಿದ್ದಳು. ಎಲ್ಲ ಮುಗಿಯಿತು, ಎನ್ನುವುದೊಂದೇ ಯೋಚನೆ. ಹೋದದ್ದು ಜಗಲಿಯೊಂದೇ ಅಲ್ಲ. ತಾನು ಯಾರಿಗೋ ಬೇಕಾಗಿದ್ದೇನೆ ಎಂದು ನಂಬಿದ್ದ ಎರಡು ವರ್ಷವೂ ಹೋಗಿತ್ತು.

ಜನ ಜಗಲಿ ಬಿಟ್ಟು ಹೋಗುತ್ತಲೇ ಇದ್ದರು. ಭಾನುವಾರ ಬೆಳಗಾಗುವಷ್ಟರಲ್ಲಿ ಏಳು ಜನ ಉಳಿದಿದ್ದರು.

ಅತ್ತಿಗೆ ಪಕ್ಕದಲ್ಲಿ ಬಂದು ಕೂತಳು. ಈ ಸಲ ತಮಾಷೆ ಮಾಡಲಿಲ್ಲ.

“ನಿನ್ನ ಚಿತ್ರ ಚೆನ್ನಾಗಿಲ್ಲ ಅಂತ ಅವನು ಯಾವತ್ತಾದ್ರೂ ಹೇಳಿದ್ನಾ?”

“ಇಲ್ಲ. ಅದೇ ಅಲ್ವಾ ಅತ್ತಿಗೆ ಸಂಕಟ. ಚೆನ್ನಾಗಿದೆ ಅಂತಾನೇ ಹೇಳ್ತಿದ್ದ. ಅದರಲ್ಲಿ ಯಾವುದು ನಿಜ, ಯಾವುದು ಕನಿಕರ ಅಂತ ನನಗೀಗ ಹೇಗೆ ಗೊತ್ತಾಗಬೇಕು?”

“ಇಲ್ಲಿ ಕೂತು ಅತ್ರೆ ಗೊತ್ತಾಗುತ್ತಾ?” ಎದ್ದು ಅವಳ ಚಪ್ಪಲಿ ಬಾಗಿಲಿಗೆ ತಂದಿಟ್ಟಳು. “ನಾಲ್ಕು ಗಂಟೆ ಅಂತಲ್ವಾ?”

*

ಅವಳು ಹೋದಾಗ ಬಾಗಿಲು ತೆರೆದೇ ಇತ್ತು. ಅವನು ಹಲಗೆಯ ಮುಂದಿನ ಸ್ಟೂಲಿನ ಮೇಲೆ, ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕ ಕೂತವರ ಹಾಗೆ ಕೂತಿದ್ದ. ಗಡ್ಡ ಬಂದಿತ್ತು.

“ಎಷ್ಟು ಜನ ಇದ್ದಾರೆ?”

“ಇಬ್ಬರು.”

“ಯಾರು?”

“ನೀವು, ನಾನು.”

ನಾಲ್ಕಕ್ಕೆ ಇನ್ನೂ ಆರು ನಿಮಿಷವಿತ್ತು. ಪರದೆಯ ಮೇಲೆ ಅವಳ ಚಿತ್ರಗಳಿದ್ದವು. ತೆಗೆದಿರಲಿಲ್ಲ.

“ತೆಗೀರಿ ಅಂದಿದ್ದೆ.”

“ಆಗಲಿಲ್ಲ.”

ಅವಳು ಗೋಡೆಗೊರಗಿ ನಿಂತಳು. ನಾಲ್ಕಾದಾಗ ಅವನು ಎದ್ದು ಮೊದಲ ಕಂಪ್ಯೂಟರನ್ನು ಆರಿಸಿದ, ಆಮೇಲೆ ಎರಡನೆಯದನ್ನು. ಗುಂಯ್ ಎನ್ನುವ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಎರಡು ವರ್ಷದಲ್ಲಿ ಆ ಕೋಣೆ ಇಷ್ಟು ನಿಶ್ಶಬ್ದವಾಗಿದ್ದೇ ಇಲ್ಲವೇನೋ.

“ಹೇಳ್ಬೇಕು ಅನ್ನಿಸಿದ್ದೆಲ್ಲಾ ಗೂಬೆ ಕೊಂಡೇ ಹೇಳ್ಬಿಟ್ಟೆ,” ಎಂದ, ತಿರುಗದೆಯೇ. “ಬಾಯಲ್ಲಿ ಹೇಳೋಕೆ ಬರಲಿಲ್ಲ. ನೀವಂದ್ರೆ ನನಗೆ ಇಷ್ಟ. ಈಗ ಹೇಳಿ ಏನೂ ಪ್ರಯೋಜನ ಇಲ್ಲ, ಗೊತ್ತು.”

ಅವಳಿಗೆ ನಂಬಲು ಆಸೆಯಿತ್ತು, ಆದರೆ ಆಸೆಯಿಂದ ನಂಬಿ ಒಮ್ಮೆ ಬಿದ್ದಾಗಿತ್ತು.

“ಒಂದು ಕೇಳ್ತೀನಿ. ನಿಜ ಹೇಳ್ಬೇಕು. ನನ್ನ ಚಿತ್ರ ಹೇಗಿದ್ವು?”

ಅವನು ಈಗ ಅವಳತ್ತ ತಿರುಗಿದ.

“ಗರಿ ಚೆನ್ನಾಗಿತ್ತು.”

“ಹ್ಞೂಂ.”

“ದೀಪದ ಬುಡ… ಸ್ವಲ್ಪ ವಾರೆ. ಯಾವಾಗ ನೋಡಿದ್ರೂ ಬೀಳುತ್ತೇನೋ ಅನ್ನಿಸ್ತಿತ್ತು.”

ಮೇಸ್ತ್ರಿ ಹೇಳಿದ್ದ ದೂರು ಕೊನೆಗೂ ಬಂತು, ಎಂದುಕೊಂಡಳು.

“ಎರಡು ವರ್ಷದಿಂದ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಹೋಗ್ಬಿಡ್ತೀರೇನೋ ಅಂತ.”

“ಹೇಳದೇ ಇದ್ದಿದ್ದಕ್ಕೇ ಹೋಗಿದ್ದು.” ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ಸ್ಟೂಲನ್ನೆಳೆದು ಅವನೆದುರು ಕೂತಳು. “ಇನ್ನೇನು ತಪ್ಪಿದೆ, ಎಲ್ಲಾ ಹೇಳಿ. ಕೇಳ್ಕೊಂಡೇ ಹೋಗೋದು.”

“ಗೂಬೆ…” ಅವನು ತಡವರಿಸಿದ.

“ಗೂಬೆಗೇನಾಗಿದೆ?”

“ಅದು ಗೂಬೆ ಅಂತ ನನಗೆ ಮೊನ್ನೆ ಮೊನ್ನೆ ಗೊತ್ತಾಗಿದ್ದು. ನಲವತ್ತು ಕೊಂಡಿದ್ದೀನಿ. ಕಿವಿ ನೋಡಿ ಬೆಕ್ಕು ಅಂದ್ಕೊಂಡಿದ್ದೆ.”

ಅವಳು ಮೊದಲು ಅತ್ತಳೋ ಮೊದಲು ನಕ್ಕಳೋ. ಗ್ರೀಸು ಮೆತ್ತಿದ ಅವನ ಕೈಯನ್ನು ತನ್ನ ಬಿಳಿ ಪುಡಿಯ ಕೈಯಲ್ಲಿ ಹಿಡಿದುಕೊಂಡಳು.

“ಪೆನ್ಸಿಲ್ ಇದ್ಯಾ?”

“ಇದೆ. ಯಾಕೆ?”

“ಕಿವಿ ಎಲ್ಲಿ ತಪ್ಪಾಯ್ತು ಅಂತ ತೋರಿಸು.”