ಕೆಡದ ಮೀಟರಿನ ರಿಪೇರಿ

‘ಮೀಟರ್ ಕೆಟ್ಟಿಲ್ಲ. ಕೆಟ್ಟಿದೆ ಅಂದವಳು ನಾನು.’ ಡೈರಿಯಲ್ಲಿ ಇಷ್ಟು ಬರೆದು ಜ್ಯೋತ್ಸ್ನಾ ಅದರ ಮೇಲೆ ಅಂಗೈ ಮುಚ್ಚಿದಳು, ಆಂಡರ್ಸನ್‌ಪೇಟೆಯ ಆ ಪರೀಕ್ಷಾ ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ.

ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಹಳೆಯ ಕಾರ್ಮಿಕರ ಎಂಜಲಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸುಳಿವು ಹುಡುಕುವ ಪ್ರಯೋಗ ಅದು. ಬೆರಳಗಲದ ಪಟ್ಟಿ, ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳ ಲೇಪ. ರೋಗ ಸೂಚಿಸುವ ಪ್ರೋಟೀನು ಬಂದು ಅಂಟಿದರೆ ಕರೆಂಟು ಬದಲಾಗಿ, ಮೀಟರಿನಲ್ಲಿ ಅಂಕಿ ಮೂಡುತ್ತದೆ. ಪಟ್ಟಿಯ ಕೆಲಸ ಎಂ.ಎಸ್ಸಿ. ಮುಗಿಸಿದ ಜ್ಯೋತ್ಸ್ನಾಳದು. ಮೀಟರು ಬಂಗಾರಪೇಟೆಯ ಅಂಬರೀಶ ಕೈಯಾರೆ ಕಟ್ಟಿದ್ದು.

ಮೊದಲ ವಾರ ಅಂಕಿಗಳು ನಿಜಕ್ಕೂ ಕುಣಿದವು. ಫೋನ್ ಮಾಡಿದಳು, ಅವನು ರೈಲು ಹತ್ತಿ ಬಂದ. ಸ್ಕ್ರೂ ಬಿಚ್ಚುತ್ತ, ತಲೆ ಬಗ್ಗಿಸಿದಂತೆಯೇ ಕಣ್ಣಷ್ಟೇ ಮೇಲೆತ್ತಿ, “ಬಂಗಾರಪೇಟೇಲಿ ತೆಪ್ಪಗಿರ್ತದೆ. ನಿಮ್ಮನ್ನ ಕಂಡ್ರೆ ಏನೋ ಗಾಬರಿ ಇದಕ್ಕೆ” ಎಂದ. ಅವಳ ಕಿವಿ ಬಿಸಿಯಾಯಿತು.

ಮಾರನೆಯ ದಿನವೇ ಕಾರಣ ಸಿಕ್ಕಿತು. ತಾತಂದಿರೆಲ್ಲ ಎಲೆಅಡಿಕೆ ಮೆಲ್ಲುತ್ತಲೇ ಬರುತ್ತಿದ್ದರು. ಅಂಕಿ ಕುಣಿಸುತ್ತಿದ್ದದ್ದು ಬಾಯೊಳಗಿನ ಸುಣ್ಣ. ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕೂರಿಸಿದರೆ ಎಲ್ಲ ನೆಟ್ಟಗೆ. ಹಾಗೇ ಕೂರಿಸಿದಳು, ಸರಿಯಾದ ಅಂಕಿಗಳನ್ನೇ ನೋಟ್‌ಬುಕ್ಕಿಗೆ ಬರೆದಳು. ಅಂಬರೀಶನಿಗೆ ಮಾತ್ರ ಹೇಳಲಿಲ್ಲ. ಪ್ರತಿ ಗುರುವಾರ ‘ಮತ್ತೆ ಏನೋ ಆಗಿದೆ’ ಎಂದು ಮೆಸೇಜು. ಪ್ರತಿ ಶುಕ್ರವಾರ ಅವನು ಹಾಜರು.

ಈ ಶುಕ್ರವಾರ ಅವನ ಕೈಯಲ್ಲಿ ಖಾಲಿ ರಟ್ಟಿನ ಡಬ್ಬವಿತ್ತು.

“ವಾಪಸ್ ತಗೊಂಡೋಗ್ತೀನಿ. ಪ್ರಾಜೆಕ್ಟ್ ಹೆಡ್ ಇಂದ್ರಾಣಿ ಮೇಡಂಗೆ ನಾನೇ ಹೇಳ್ದೆ, ನಾಲ್ಕು ಸಲ ಕೆಟ್ಟಿದೆ ಅಂತ. ಬೇರೆ ಮೀಟರ್ ತರಿಸ್ತಾರಂತೆ.”

ಬೆಂಚಿನ ಮೇಲೆ ಬಾಯಿ ಮುಕ್ಕಳಿಸುತ್ತ ಕೂತಿದ್ದ ಕೋದಂಡಪ್ಪ ತಾತ ಲೋಟ ಕೆಳಗಿಟ್ಟ. “ಯಾಕಪ್ಪಾ? ಇಪ್ಪತ್ತೈದು ವರ್ಸ ಬಂಗಾರ ಅಗದೆ, ಒಂದು ಗುಲಗಂಜಿ ಮನೀಗೆ ಬರ್ಲಿಲ್ಲ. ಈಗ ಬಂಗಾರಾನೇ ಬಂದು ನನ್ನ ಎಂಜ್ಲು ನೆಕ್ತಾ ಐತೆ. ಆ ಭಾಗ್ಯಾನೂ ಕಿತ್ಕೊಂಡೋಗ್ತೀಯಾ?”

ಅಂಬರೀಶ ನಗಲು ಹೋದ, ಆಗಲಿಲ್ಲ. “ಮೂರು ವರ್ಷದ ಕೆಲಸ ತಾತ. ಎಲ್ಲಿ ತಪ್ಪಿದೆ ಅಂತಾನೇ ಸಿಗ್ತಿಲ್ಲ. ಇದು ನನ್ ಕೈಲಿ ಆಗೋ ಕೆಲಸ ಅಲ್ವೇನೋ.”

ಆ ಮಾತು ಜ್ಯೋತ್ಸ್ನಾಳ ಎದೆಗೆ ನಾಟಿತು. ಅವನು ಮೀಟರಿಗೆ ಕೈ ಹಾಕುವ ಮೊದಲೇ ನೋಟ್‌ಬುಕ್ಕನ್ನು ಅವನ ಮುಂದೆ ತಳ್ಳಿದಳು.

ಅವನು ಒಂದು ಪುಟ ತಿರುವಿದ, ಇನ್ನೊಂದು ತಿರುವಿದ. “ಮೂರು ವಾರದಿಂದ ಒಂದಂಕಿಯೂ ತಪ್ಪಿಲ್ಲ!”

“ಸುಣ್ಣ,” ಎಂದಳು ನೆಲ ನೋಡುತ್ತ. “ಬಾಯಿ ತೊಳೆಸಿದ್ರೆ ಸಾಕಿತ್ತು.”

“ಅಯ್ಯೋ, ಬಾಯಿ ತೊಳಿ, ಬಾಯಿ ತೊಳಿ ಅಂತ ಪ್ರಾಣ ತಿಂತಾಳಪ್ಪ ಈಯಮ್ಮ!” ಎಂದು ದೂರುತ್ತ ಕೋದಂಡಪ್ಪ ಮತ್ತೆ ನೀರು ಬಾಯಿಗೆ ಹಾಕಿಕೊಂಡ.

ಅಂಬರೀಶ ಡಬ್ಬವನ್ನು ಮೆಲ್ಲಗೆ ನೆಲಕ್ಕಿಟ್ಟ. ತುಟಿಯ ಒಂದು ತುದಿಯಲ್ಲಿ ಆ ಹಳೆಯ ತುಂಟತನ ಇಣುಕಿತು. “ಮತ್ತೆ ವಾರ ವಾರ ನನ್ನನ್ಯಾಕ್ರೀ ಕರೆಸಿದ್ದು?”

ವೈರ್ ಲೂಸಾಗಿತ್ತು ಎಂಬ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ತಾತ ಮುಕ್ಕಳಿಸುವುದನ್ನು ನಿಲ್ಲಿಸಿ, ಕೆನ್ನೆ ತುಂಬ ನೀರಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಜ್ಯೋತ್ಸ್ನಾ ತಲೆಯೆತ್ತಿದಳು.

“ಮೀಟರ್ ಸರಿಯಾಗಿದ್ರೆ ನೀವು ಬರ್ತಿರಲಿಲ್ಲ. ನೀವು ಬರಬೇಕು ನಂಗೆ.”