ಇನ್ನೂರ ಹದಿನಾಲ್ಕನೇ ನಂಬರಿನ ಚೀಲ

2025ರ ಏಪ್ರಿಲ್ 27, ಭಾನುವಾರ, ಮಧ್ಯಾಹ್ನ ಒಂದೂಕಾಲು ಗಂಟೆ. ಮಡತ್ತುಕುಳಂ ಠಾಣೆಯ ಫ್ಯಾನು ತಿರುಗುತ್ತಿದ್ದುದೇನೋ ನಿಜ, ಗಾಳಿಯ ಹೆಸರಿನಲ್ಲಿ ಬೀಸುತ್ತಿದ್ದುದು ಬರೀ ಬೆಂಕಿ. ಇನ್ಸ್‌ಪೆಕ್ಟರ್ ಇಲಕ್ಕಿಯಾ ಮಜ್ಜಿಗೆ ಲೋಟ ಬಾಯಿಗೆ ಇಟ್ಟಿದ್ದಳಷ್ಟೇ, ಮೋಹನ್ ರಾಜ್ ಏದುಸಿರು ಬಿಡುತ್ತಾ ಒಳಗೆ ಬಂದ. ಅಂದಿನ ಟ್ರಯತ್ಲಾನ್ ಸ್ಪರ್ಧೆ ನಡೆಸುತ್ತಿದ್ದವನು ಅವನೇ.

ಸ್ಪರ್ಧೆ ಅಂದರೆ ಸಾಮಾನ್ಯದ್ದಲ್ಲ. ಅಮರಾವತಿ ಹೊಳೆಯ ಕಟ್ಟೆ ನೀರಿನಲ್ಲಿ ಎರಡು ಕಿಲೋಮೀಟರ್‌ನಷ್ಟು ಈಜು, ಮೈ ಒರೆಸಿಕೊಳ್ಳದೆ ಸೈಕಲ್ ಹತ್ತಿ ತೊಂಬತ್ತು ಕಿಲೋಮೀಟರ್, ಇಳಿದ ಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಟ. ಅದೂ ನಲವತ್ತೊಂದು ಡಿಗ್ರಿ ಬಿಸಿಲಿನಲ್ಲಿ! ಹುಚ್ಚು ಅನ್ನಿ, ಛಲ ಅನ್ನಿ, ಇನ್ನೂರ ನಲವತ್ತು ಜನ ತಾವಾಗಿಯೇ ಹೆಸರು ಕೊಟ್ಟು ಬಂದಿದ್ದರು.

"ಇನ್ನೂರ ಹದಿನಾಲ್ಕನೇ ನಂಬರು, ಇಳಂಗೋ, ಅವಿನಾಶಿಯವನು. ಸೈಕಲ್ಲಿನ ಎಪ್ಪತ್ತೆರಡನೇ ಕಿಲೋಮೀಟರಿನಲ್ಲಿ ಬಿದ್ದ ಮೇಡಂ. ಹನ್ನೊಂದು ಹತ್ತಕ್ಕೆ. ವಾಂತಿ, ಭೇದಿ, ಪ್ರಜ್ಞೆ ಇಲ್ಲ. ಪೀಳಮೇಡಿನ ಆಸ್ಪತ್ರೆಗೆ ಒಯ್ದಿದ್ದಾರೆ. ಕಿಡ್ನಿಗೆ ಪೆಟ್ಟು ಬಿದ್ದಿದೆಯಂತೆ, ಉಳಿಯೋದು ಹೇಳೋಕಾಗಲ್ಲ ಅಂತಾರೆ."

"ಬಿಸಿಲಿಗೆ ಬಿದ್ದಿರಬಹುದಲ್ಲ?"

"ನಮ್ಮ ಡಾಕ್ಟರು ಬಾಟಲಿಯಲ್ಲಿ ಉಳಿದದ್ದನ್ನು ನಾಲಿಗೆಗೆ ಹಚ್ಚಿ ನೋಡಿದರು. ಕಹಿ. ಏನೋ ಬೆರೆಸಿದ್ದಾರೆ."

ಒಂದು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ, ಕಲಂ 123, ಹಾನಿ ಮಾಡುವ ಉದ್ದೇಶದಿಂದ ಕೆಟ್ಟ ವಸ್ತು ಕುಡಿಸಿದ ಅಪರಾಧ. ಮೋಹನ್ ರಾಜ್ ಕೊಟ್ಟ ಸ್ಪರ್ಧಿಗಳ ಪಟ್ಟಿಯಲ್ಲಿ ಹೆಸರು, ನಂಬರು ಮಾತ್ರ ನೋಡಿ ಹೆಡ್ ಕಾನ್‌ಸ್ಟೆಬಲ್ ಅಯ್ಯಾಸಾಮಿ ಅದನ್ನು ಕಡತಕ್ಕೆ ಸೇರಿಸಿದ.

ಎರಡೂವರೆಗೆ ಸ್ಥಳ ಪಂಚನಾಮೆ. ಸ್ಪರ್ಧಿಗಳು ತಮ್ಮ ಪಾನೀಯವನ್ನು ತಾವೇ ಬೆರೆಸಿ ಬಾಟಲಿಗೆ ತುಂಬಿ, ಹಿಂದಿನ ಸಾಯಂಕಾಲವೇ ಬಟ್ಟೆ ಚೀಲದಲ್ಲಿಟ್ಟು ಒಪ್ಪಿಸಬೇಕು. ಚೀಲದ ಬಾಯಿಯನ್ನು ನೂಲಿನ ಹುರಿಯಿಂದ ಬಿಗಿದು, ನಂಬರು ಹಚ್ಚಿ ಡೇರೆಯೊಳಗೆ ನೇತುಹಾಕುತ್ತಾರೆ. ಸೈಕಲ್ಲಿನ ಅರ್ಧ ದಾರಿ ಮುಗಿದಾಗ ಹುರಿ ಕತ್ತರಿಸಿ ಬಾಟಲಿ ಕೊಡುತ್ತಾರೆ. ಇಳಂಗೋನ ಚೀಲದ ಜೊತೆ ಸಿಕ್ಕಿದ್ದು ಒಂದು ವಿಭೂತಿ ಪೊಟ್ಟಣ ಮತ್ತು ಕತ್ತರಿಸಿದ ಹುರಿ. ಬಾಟಲಿ ಆಗಲೇ ಡಾಕ್ಟರ ಕೈಯಿಂದ ಜಪ್ತಿಯಾಗಿತ್ತು.

"ಬರ್ಕೋ," ಎಂದಳು ಇಲಕ್ಕಿಯಾ. "ಹುರಿ, ಉದ್ದ ಒಂದೂವರೆ ಅಡಿ. ನಡುವೆ ಒಂದು ಗಂಟು."

"ಗಂಟು ಕೂಡ ಬರೀಬೇಕಾ ಮೇಡಂ?"

"ಬರಿ ಮಾರಾಯ, ಕೈಯೇನು ಸವೆಯಲ್ಲ."

ಡೇರೆಯ ಕಾವಲಿನವರ ನೋಟುಪುಸ್ತಕದ ಪ್ರಕಾರ ಬೆಳಗಿನ ಜಾವ ಒಳಗೆ ಹೋದವರು ಇಬ್ಬರೇ. 5.35ಕ್ಕೆ ಇಳಂಗೋನ ಅಕ್ಕ ರಾಜಾಮಣಿ, ತಮ್ಮನ ಚೀಲಕ್ಕೆ ವಿಭೂತಿ ಕಟ್ಟಲು. 5.50ಕ್ಕೆ ಕುಮರೇಶನ್, ತನ್ನ ಬಾಟಲಿ ಬದಲಾಯಿಸಲು. ಅವನ ನಂಬರು ಇನ್ನೂರ ಹದಿನೈದು, ಪಕ್ಕದ ಕೊಕ್ಕೆ. ಹೋದ ವರ್ಷ ಅಡ್ಡದಾರಿ ಹಿಡಿದು ಗೆದ್ದನೆಂದು ಇಳಂಗೋ ಈಚೆಗೆ ಎಲ್ಲರೆದುರು ಕೂಗಾಡಿದ್ದು ಇವನ ಮೇಲೆಯೇ.

"ಇನ್ನೇನು ಮೇಡಂ, ಆಯ್ತಲ್ಲ," ಎಂದ ಅಯ್ಯಾಸಾಮಿ ಕೈ ಉಜ್ಜಿಕೊಳ್ಳುತ್ತಾ.

ಇಲಕ್ಕಿಯಾಳಿಗೂ ಹಾಗೇ ಅನ್ನಿಸಿತ್ತು. ಆದರೆ ಆ ಗಂಟು ಮನಸ್ಸಿನಿಂದ ಕದಲಲಿಲ್ಲ. ಚಪ್ಪಟೆ ಗಂಟು, ತುದಿಗಳನ್ನು ಬುಡಕ್ಕೇ ಕಚ್ಚಿ ತೆಗೆದದ್ದು. ಅವಳು ಹುಟ್ಟಿದ್ದು ಕನ್ನಡ ಮನೆಮಾತಿನ ಮಗ್ಗದವರ ಮನೆಯಲ್ಲಿ. ಹಾಸಿನಲ್ಲಿ ಎಳೆ ಕಡಿದರೆ ಹಣಿಗೆಯ ಹಲ್ಲಿನ ನಡುವೆ ತಡೆಯದೆ ದಾಟುವಂಥ ಇದೇ ಗಂಟು ಹಾಕಬೇಕು. ಎಂಟನೇ ವಯಸ್ಸಿನಲ್ಲಿ ಅದು ಸರಿಬಾರದೆ ಅವ್ವನ ಕೈಯಲ್ಲಿ ಎಷ್ಟು ಸಲ ತಲೆಗೆ ಮೊಟಕಿಸಿಕೊಂಡಿದ್ದಳೋ ಲೆಕ್ಕವಿಲ್ಲ.

28ರ ಬೆಳಗ್ಗೆ ಹತ್ತಕ್ಕೆ ಕುಮರೇಶನ್‌ನನ್ನು ಕರೆಸಿದಳು. ಮಡತ್ತುಕುಳಂ ಪಕ್ಕದ ಕಬ್ಬಿನ ತೋಟದವನು. ಮನೆಮಾತು ಕನ್ನಡವೆಂದು ತಿಳಿದು ತಮಿಳು ಬಿಟ್ಟಳು.

"ಡೇರೆಗೆ ಯಾಕೆ ಹೋದೆ?"

"ಬಾಟಲಿ ಮಾತ್ತೋಕೆ, ಬೇರೆ ಇಡೋಕೆ ಮೇಡಂ. ಹಳೇದು ಸೋರ್ತಿತ್ತು."

"ಇಳಂಗೋ ಮೇಲೆ ಕೋಪ ಇತ್ತಾ?"

"ಇಲ್ಲದೇ ಏನು? ಇತ್ತು. ಓಡಿ ಗೆಲ್ಲಬೇಕು ಅಂತಿದ್ದೆ. ಅವನು ಬಿದ್ದಾಗ ಸೈಕಲ್ ಬಿಸಾಕಿ ನೆರಳಿಗೆ ಎಳ್ಕೊಂಡು ಹೋದವನು ನಾನೇ. ಕೇಳಿ ನೋಡಿ."

ಇಲಕ್ಕಿಯಾ ಎರಡು ತುಂಡು ಹುರಿ ಮೇಜಿನ ಮೇಲಿಟ್ಟಳು. "ಇದನ್ನು ಸೇರಿಸಿ ಗಂಟು ಹಾಕು."

ಅವನು ಬೆಪ್ಪಾಗಿ ನೋಡಿ, ನೆಲ್ಲಿಕಾಯಿ ಗಾತ್ರದ ಗಂಟು ಬಿಗಿದ. ಎತ್ತನ್ನು ಗೂಟಕ್ಕೆ ಕಟ್ಟುವ ಗಂಟು. ಅಯ್ಯಾಸಾಮಿಗೂ ನಗು ತಡೆಯಲಾಗಲಿಲ್ಲ. ಇಳಂಗೋನನ್ನು ಎಳೆದು ತಂದು ಮಲಗಿಸಿದ್ದು ಕುಮರೇಶನ್ನೇ ಎಂದು ರಸ್ತೆಯಲ್ಲಿದ್ದ ಮೂವರು ಹೇಳಿದರು. ಇಲಕ್ಕಿಯಾ ಕುಮರೇಶನ್‌ನನ್ನು ಕಳಿಸಿಕೊಟ್ಟಳು.

29ರ ಸಾಯಂಕಾಲ ಪ್ರಯೋಗಾಲಯದ ವರದಿ ಬಂತು. ಬಾಟಲಿಯಲ್ಲಿದ್ದದ್ದು ಸೋಡಿಯಂ ಸಲ್ಫೇಟ್.

"ಸಾಯಪಟ್ಟರೆ ಉಪ್ಪು!" ಎಂದ ಅಯ್ಯಾಸಾಮಿ. ತಿರುಪ್ಪೂರು ಸೀಮೆಯಲ್ಲಿ ಅದನ್ನು ಅರಿಯದವರಿಲ್ಲ. ಬಟ್ಟೆಗೆ ಬಣ್ಣ ಹಿಡಿಯಲೆಂದು ಸಾಯಪಟ್ಟರೆಗಳಲ್ಲಿ, ಅಂದರೆ ಬಣ್ಣದ ಕಾರ್ಖಾನೆಗಳಲ್ಲಿ, ಮೂಟೆಗಟ್ಟಲೆ ಸುರಿಯುತ್ತಾರೆ. "ಇದು ವಿಷ ಅಲ್ಲ ಮೇಡಂ. ಹೊಟ್ಟೆ ಕಟ್ಟಿದರೆ ಪಟ್ಟರೆ ಕೆಲಸದವರು ಒಂದು ಚಮಚ ಕದಡಿ ಕುಡೀತಾರೆ. ನಮ್ಮಪ್ಪನೂ ಕುಡೀತಿದ್ದ."

"ಮನೇಲಿ ಕೂತಿರೋನಿಗೆ ಭೇದಿ. ಬಿಸಿಲಲ್ಲಿ ಸೈಕಲ್ ತುಳಿಯೋನಿಗೆ?"

ಅಯ್ಯಾಸಾಮಿ ವರದಿಯನ್ನು ಕಡತಕ್ಕೆ ಸೇರಿಸಿದ.

30ನೇ ತಾರೀಖು ಮಧ್ಯಾಹ್ನ ಮೂರಕ್ಕೆ ಇಲಕ್ಕಿಯಾ, ಅಯ್ಯಾಸಾಮಿ ಪೀಳಮೇಡಿನ ಆಸ್ಪತ್ರೆಗೆ ಬಂದರು. ಇಳಂಗೋಗೆ ಎಚ್ಚರವಾಗಿದೆ, ಜೀವಕ್ಕೆ ಭಯವಿಲ್ಲ, ಐದು ನಿಮಿಷ ಮಾತಾಡಿಸಬಹುದು ಎಂದರು. ತುರ್ತುನಿಗಾ ವಾರ್ಡಿನ ಹೊರಗಿನ ಬೆಂಚಿನಲ್ಲಿ ನಲವತ್ತಾರರ ಹೆಂಗಸೊಬ್ಬಳು ಬಟ್ಟೆಯ ಕೈಚೀಲವನ್ನು ಮಡಿಲಿಗೆ ಒತ್ತಿ ಹಿಡಿದು ಕೂತಿದ್ದಳು. ಚೀಲದ ಹಿಡಿ ಎಂದೋ ಕಿತ್ತುಹೋಗಿ, ಹುರಿಯಿಂದ ಸೇರಿಸಿತ್ತು. ಚಪ್ಪಟೆ ಗಂಟು, ತುದಿಗಳನ್ನು ಬುಡಕ್ಕೇ ಕಚ್ಚಿ ತೆಗೆದದ್ದು. ಅದು ಇಳಂಗೋನ ಅಕ್ಕ ರಾಜಾಮಣಿ ಎಂದು ಇಲಕ್ಕಿಯಾ ನರ್ಸಿನಿಂದ ಕೇಳಿ ತಿಳಿದಳು. ಒಳಗೆ ಹೋದಳು.

ಇಳಂಗೋನ ತುಟಿ ಒಡೆದು ಕಪ್ಪಾಗಿತ್ತು. ಬಾಟಲಿಯನ್ನು ತಾನೇ ತುಂಬಿದ್ದು, ಯಾರ ಮೇಲೂ ಅನುಮಾನವಿಲ್ಲ ಎಂದ.

"ಅಷ್ಟು ಹೊಟ್ಟೆನೋವಿದ್ದೂ ಯಾಕೆ ನಿಲ್ಲಿಸಲಿಲ್ಲ?"

"ಇನ್ನು ಹದಿನೆಂಟೇ ಕಿಲೋಮೀಟರ್ ಇತ್ತು ಮೇಡಂ. ಅಷ್ಟು ಮುಗಿಸಿದ್ರೆ ಮುಗೀತು."

"ಓಟ ಇರಲಿಲ್ವಾ?"

ಅವನು ನಾಚಿದವನಂತೆ ನಕ್ಕ. "ಇರಲಿಲ್ಲ. ಹೋದ ವರ್ಷ ಓಟದಲ್ಲೇ ಬಿದ್ದು ಮೂರು ದಿನ ಎಚ್ಚರ ಇರಲಿಲ್ಲ. ಓಡಬೇಡ ಕಣೋ ಅಂತ ಅಕ್ಕ ವರ್ಷ ಪೂರ್ತಿ ಅತ್ತಳು. ಅವಳ ಮುಂದೆ ವೀರಾವೇಶ ತೋರಿಸಿ, ಶನಿವಾರ ಸಾಯಂಕಾಲ ಐದಕ್ಕೆ ಮೆಲ್ಲಗೆ ಹೋಗಿ ಬರೆದುಕೊಟ್ಟೆ, ಈಜು, ಸೈಕಲ್ ಮಾತ್ರ ಅಂತ. ಸೈಕಲ್ ಇಳಿದು ಸೀದಾ ಅವಳ ಹತ್ರ ಹೋಗಿ ನಿಲ್ಲೋಣ ಅಂತಿದ್ದೆ." ಸ್ವಲ್ಪ ಸುಧಾರಿಸಿಕೊಂಡ. "ಅವಳನ್ನಿನ್ನೂ ಒಳಗೆ ಬಿಟ್ಟಿಲ್ಲ. ನೀವೇ ಹೇಳ್ಬಿಡಿ ಮೇಡಂ, ನಾನು ಓಡೋನಿರಲಿಲ್ಲ ಅಂತ. ಸಮಾಧಾನ ಮಾಡ್ಕೊಳ್ಳಲಿ."

ಇಲಕ್ಕಿಯಾ ಕಡತ ತೆರೆದಳು. ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕರ ಎದುರು, ಕೊನೆಯ ಕಾಲಂನಲ್ಲಿ, ಅವನು ಹೇಳಿದ್ದೆಲ್ಲವೂ ಇತ್ತು. ಮೂರು ದಿನದಿಂದ ಅಲ್ಲೇ ಇತ್ತು. ಯಾರೂ ನೋಡಿರಲಿಲ್ಲ.

ಹೊರಗೆ ಬಂದು ಬೆಂಚಿನಲ್ಲಿ ರಾಜಾಮಣಿಯ ಪಕ್ಕ ಕೂತಳು. ಪ್ಲಾಸ್ಟಿಕ್ ಲಕೋಟೆಯಲ್ಲಿದ್ದ ಹುರಿ ತೋರಿಸಿದಳು. ಇವಳೂ ಮಗ್ಗದ ಮನೆಯವಳೇ ಇರಬೇಕೆಂದು ಕನ್ನಡದಲ್ಲಿಯೇ ಕೇಳಿದಳು, "ಇದು ಯಾರ ಗಂಟಕ್ಕ?"

ರಾಜಾಮಣಿ ಲಕೋಟೆಯ ಮೇಲಿಂದಲೇ ಗಂಟನ್ನು ಸವರಿದಳು. ಸುಳ್ಳು ಹೇಳುವ ಯೋಚನೆಯೇ ಅವಳಿಗೆ ಬಂದಂತಿರಲಿಲ್ಲ.

"ನಂದೇ ಕಣಮ್ಮಾ. ಬಿಚ್ಚೋಕೆ ಬರ್ಲಿಲ್ಲ, ಹಲ್ಲಲ್ಲಿ ಕಡಿದೆ. ಕಡಿದ ಹುರಿ ಹಂಗೇ ಬಿಡೋಕೆ ಕೈ ಕೇಳ್ಲಿಲ್ಲ."

"ಉಪ್ಪು?"

"ಪಟ್ಟರೇದು. ಹತ್ತು ವರ್ಷ ಅಲ್ಲೇ ದುಡಿದೆ, ತಂಬೀನ ಓದ್ಸೋಕೆ. ಆರು ವರ್ಷದ ಮಗು ಅದು, ಅವ್ವ ಹೋದಾಗ. ಮೂರು ಚಮಚ ಹಾಕಿದೆ. ಹೊಟ್ಟೆ ಕಲಸಿ ಸೈಕಲ್ ಇಳಿದು ಕೂತ್ಕೊಂಬಾನೆ, ಓಡೋಕೆ ಆಗಲ್ಲ ಅಂತ... ಸಾಯ್ಸೋಕಲ್ಲಮ್ಮಾ. ಸಾಯಬಾರ್ದು ಅಂತ." ಸೆರಗು ಬಾಯಿಗೆ ಒತ್ತಿಕೊಂಡಳು. "ಓಡ್ಲಿಲ್ಲ ಅಲ್ಲ?"

ಹೇಳದಿದ್ದರೆ ತನಿಖೆಗೆ ನಷ್ಟವೇನೂ ಇರಲಿಲ್ಲ. ಆದರೆ ಒಳಗೆ ಮಲಗಿದ್ದವನು ಮಾತು ಒಪ್ಪಿಸಿ ಕಳಿಸಿದ್ದ.

"ಓಡೋನಿರಲಿಲ್ಲ ಅಕ್ಕ. ಓಡಲ್ಲ ಅಂತ ಮೊದಲೇ ಬರೆದುಕೊಟ್ಟಿದ್ದ."

"ಯಾವತ್ತು?"

"ಶನಿವಾರ. ಸಾಯಂಕಾಲ ಐದಕ್ಕೆ."

ರಾಜಾಮಣಿ ತನ್ನ ಕೈಗಳನ್ನು ನೋಡಿಕೊಂಡಳು. "ಅವತ್ತು ಸಾಯಂಕಾಲ ಉಪ್ಪಿನ ಪೊಟ್ಟಣ ಕಟ್ದಾಗ ಆರು ಹೊಡೀತು," ಎಂದಳು. ಆಮೇಲೆ ಅತ್ತಳು. ಇಲಕ್ಕಿಯಾ ತಡೆಯಲಿಲ್ಲ.

ನಾಲ್ಕು ಇಪ್ಪತ್ತಕ್ಕೆ ಬಂಧನ. ಅಯ್ಯಾಸಾಮಿ ಬಂಧನ ಪತ್ರ ತುಂಬುತ್ತಾ ಹೋದ. ಹೆಸರು, ವಯಸ್ಸು, ಊರು. ಕೊನೆಯ ಕಾಲಂಗೆ ಬಂದು ಪೆನ್ನು ನಿಂತಿತು.

"ಬಂಧನದ ವಿಷಯ ನಿಮ್ಮ ಕಡೆಯವರಲ್ಲಿ ಯಾರಿಗಮ್ಮಾ ತಿಳಿಸಬೇಕು?"

"ನನ್ನ ತಂಬೀಗೆ," ಎಂದಳು ರಾಜಾಮಣಿ. "ನಂಗೆ ಇನ್ಯಾರಿದಾರೆ?"

ಅಯ್ಯಾಸಾಮಿ ಇನ್ಸ್‌ಪೆಕ್ಟರ್ ಮುಖ ನೋಡಿದ. ಇಲಕ್ಕಿಯಾ ಟೋಪಿ ತೆಗೆದು ಬೆಂಚಿನ ಮೇಲಿಟ್ಟು, ಮತ್ತೆ ವಾರ್ಡಿನ ಬಾಗಿಲ ಕಡೆಗೆ ನಡೆದಳು.