ಬೋರಲು ಬಟ್ಟಲು

“ಬೋರಲಾಗೇ ಇಡಪ್ಪಾ. ಅದಕ್ಕೆ ಒಂದಗುಳೂ ಹಾಕ್ಬೇಡ. ಉಣಿಸಿದ ಕೈಯನ್ನೇ ತಿನ್ನತ್ತೆ.”

ಜಾನಕಿ ಆಂಟಿಯ ಮಾತಿಗೆ ಯಶವಂತ ನಕ್ಕುಬಿಟ್ಟ. ಅಮೆರಿಕದ ರಾಕ್‌ವಿಲ್‌ನ ಲ್ಯಾಬಿಗೆ ಹೊಸದಾಗಿ ಬಂದವನು. ಮೈಕ್ರೋಸ್ಕೋಪಿನಲ್ಲಿ ಕಾಣದ್ದು ಅವನ ಪಾಲಿಗೆ ಇಲ್ಲವೇ ಇಲ್ಲ. ಆಂಟಿಯ ಗಂಡ, ತೀರಿಹೋದ ಡಾಕ್ಟರು, ಎಲ್ಲಿಂದಲೋ ತಂದಿದ್ದ ಚೀನೀ ಪಿಂಗಾಣಿ ಬಟ್ಟಲದು. ನೀರು ಬೆರೆಸಿದ ಹಾಲಿನಂಥ ತಿಳಿನೀಲಿ. ಎಂಟುನೂರು ವರ್ಷ ಗೋರಿಯೊಳಗೆ ಹೆಣದ ಪಕ್ಕದಲ್ಲಿತ್ತಂತೆ. ಮ್ಯೂಸಿಯಮ್ಮಿನವರಿಗೆ ತೋರಿಸುತ್ತೇನೆಂದು ಯಶವಂತ ಕೇಳಿ ಪಡೆದ.

“ಚೈನಾದ ದೆವ್ವಕ್ಕೆ ನಮ್ಮ ಮೊಸರನ್ನ ಸೇರತ್ತಾ, ನೋಡೇಬಿಡ್ತೀನಿ ಆಂಟಿ.”

ಮಧ್ಯಾಹ್ನ ಮನೆಯಲ್ಲಿ ನೋಡಿಯೂ ಬಿಟ್ಟ. ಹೆಂಡತಿ ನೀರಜಾ ಮಹಡಿಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದಳು. ಮನೆಗೆ ಬೆಂಕಿ ಬಿದ್ದರೂ ಬಂದವರನ್ನು ಕುಂಕುಮ ಕೊಡದೆ ಕಳಿಸುವವಳಲ್ಲ ಅವಳು. ಯಶವಂತ ಬಟ್ಟಲಿಗೆ ಮೊಸರನ್ನ ಬಡಿಸಿದ. ಹಸಿಮಣ್ಣಿನ ವಾಸನೆ ಎದ್ದಿತು, ಅದರಡಿಯಲ್ಲಿ ಕೊಳೆತ ಮಾಂಸದ್ದು. ಅನ್ನ ತಾನಾಗಿ ತಳಕ್ಕಿಳಿಯಿತು. ನೆಕ್ಕುವ ಸದ್ದು. ಬಗ್ಗಿ ತಳ ಮುಟ್ಟಿದ.

ಕಟಕ್.

ಕಿರುಬೆರಳ ತುದಿ ಇರಲಿಲ್ಲ. ಬಟ್ಟಲು ತೊಳೆದಿಟ್ಟಷ್ಟು ಶುಭ್ರವಾಗಿತ್ತು. ಆಂಟಿಗೆ ಫೋನ್ ಮಾಡಿದ.

“ಬರಿದಾಗಿ, ಬಟ್ಟೆ ಮುಚ್ಚಿ ತಂದ್ಕೊಡು,” ಅಂದರು ಆಂಟಿ. “ಮುಚ್ಚಿದ್ರೆ ಬಾಯಿ ತೆರೆಯಲ್ಲ. ಹಸಿದೇ ಮಲಗ್ಬೇಕು ಅದು. ಇನ್ನೊಂದ್ಸಲ ಉಣಿಸಿದ್ರೆ ಬೆರಳಿಗೆ ನಿಲ್ಲಲ್ಲ.”

ಮಹಡಿಯಿಳಿದ ನೀರಜಾ ರಕ್ತ ನೋಡಿ ಓಡಿಬಂದಳು. “ಏನಾಯ್ತು?”

“ಸಿಂಕಿನ ಕಸ ಅರೆಯೋ ಮೆಷಿನ್ನಿಗೆ ಬೆರಳು ಸಿಕ್ತು.” ನಿಜ ಹೇಳಲು ನಾಚಿಕೆಯಾಯಿತು. “ಹಾಸ್ಪಿಟಲ್ ದಾರೀಲೇ ಆಂಟಿ ಮನೆ. ಆ ಬಟ್ಟಲೂ ಬಟ್ಟೆ ಮುಚ್ಚಿ ತಗೊಂಡ್ಬಾ, ಕೊಟ್ಬಿಡೋಣ.”

ಅವನು ಟವೆಲ್ ಸುತ್ತಿಕೊಂಡು ಕಾರಿನಲ್ಲಿ ಕೂತ. ಅವಳು ಬಟ್ಟೆ ಮುಚ್ಚಿದ ಬಟ್ಟಲು ತಂದು ಹಿಂದಿನ ಸೀಟಿನಲ್ಲಿಟ್ಟಳು. ದಾರಿಯುದ್ದಕ್ಕೂ ಅವನು ತಿರುಗಿ ನೋಡಲಿಲ್ಲ, ಭಯ.

ಆಂಟಿ ಬಾಗಿಲು ತೆರೆದರು. ನೀರಜಾ ಬಟ್ಟೆ ಸರಿಸಿ ಬಟ್ಟಲು ಚಾಚಿದಳು. ಒಳಗೆ ನೋಡಿದ ಆಂಟಿ ಹಿಂದೆ ಸರಿದರು.

“ಬರೀ ಪಾತ್ರೆ ಹೇಗೆ ಕೊಡೋದು ಆಂಟಿ,” ನೀರಜಾ ಹೇಳುತ್ತಿದ್ದಳು. “ಒಂದ್ ಹಿಡಿ ಸಕ್ಕರೆ ಹಾಕಿದೀನಿ.”

ಯಶವಂತ ಕಾರಿಳಿದು ಓಡಿದ. “ಬಿಡು. ನೀರಜಾ, ಕೈ ಬಿಡು.”

ಹಸಿಮಣ್ಣಿನ ವಾಸನೆ. ಕಟಕ್. ಮತ್ತೆ ಕಟಕ್. ಅವಳ ಚೀತ್ಕಾರ. ಸೊಂಟ ಹಿಡಿದು ಎಳೆದ. ಮೂಳೆ ಮುರಿಯಿತು. ಇನ್ನೂ ಎಳೆದ. ಇಬ್ಬರೂ ಮೆಟ್ಟಿಲ ಮೇಲೆ ಬಿದ್ದರು. ಅವಳ ಬಲಗೈ ಮಣಿಕಟ್ಟಿಗೇ ಮುಗಿದಿತ್ತು.

ಆಂಟಿ ಬಟ್ಟಲನ್ನು ಕಾಲಿನಿಂದ ಬೋರಲು ಹಾಕಿದರು. ಅದರಿಂದ ಸಕ್ಕರೆಯ ಒಂದು ಹರಳೂ ಉದುರಲಿಲ್ಲ.

“ಅವಳಿಗೆ ಹೇಳ್ಲೇ ಇಲ್ವಾ ನೀನು?” ಅಂದರು.